ಎಣ್ಣೆ ಬಿದ್ದ ಕೇಪುಗಳು

ಇಮ್ತಿಯಾಜ್ ಸಾಹೇಬರೇ, ಆ ದಿನ ನಿಮ್ಮ ಕೈಯಲ್ಲಿ ರಿವಾಲ್ವರ್ ಸಿಡಿದದ್ದು ನಿಮ್ಮ ಮರೆವಿನಿಂದಲ್ಲ. ನಾನು ತಂದುಕೊಟ್ಟ ಕೇಪುಗಳು ಕೆಟ್ಟಿದ್ದವು. ಕೆಟ್ಟಿರಬಹುದೆಂಬ ಅನುಮಾನ ನನಗೆ ಮೊದಲೇ ಇತ್ತು — ಅಲ್ಲ, ಅನುಮಾನ ಎನ್ನುವುದೂ ನುಣುಚಿಕೊಳ್ಳುವ ಮಾತೇ. ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ಆಮೇಲೆ ನಿಮ್ಮ ರಕ್ತ ಸೋರುವ ಕೈಯ ಪಕ್ಕದಲ್ಲೇ ನಿಂತು, ತಪ್ಪು ನಿಮ್ಮದೇ ಎಂದು ನೀವು ನಂಬುವಂತೆ ಮಾಡಿದೆ.

ಇದನ್ನು ಎಷ್ಟು ಸಲ ಹೇಳಲು ಹೊರಟೆನೋ. ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚಿನ ನಮ್ಮ ಮನೆಯಿಂದ ಮೀರಾ ಮೆಸಾದ ನಿಮ್ಮ ಮನೆಯ ತನಕ ಡ್ರೈವ್ ಮಾಡುತ್ತ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೇನೆ. ನಿಮ್ಮ ಬಾಗಿಲು ತೆರೆದ ಕೂಡಲೇ ಭಾಭಿಯ ಚಹಾ ಮುಂದೆ ಬರುತ್ತದೆ, ನೀವು ನನ್ನ ಭುಜ ಹಿಡಿದು ಕೂರಿಸುತ್ತೀರಿ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಪಾಡು. ನುಂಗಲೂ ಆಗದು, ಉಗುಳಲೂ ಆಗದು. ಇಷ್ಟು ವರ್ಷ ಹಾಗೇ ಇಟ್ಟುಕೊಂಡು, ನಕ್ಕು, ಚಹಾ ಕುಡಿದು ಬಂದಿದ್ದೇನೆ.

ನಾವು ಮೊದಲು ಸಿಕ್ಕಿದ್ದು ನಿಮಗೆ ನೆನಪಿದೆಯೇ? ನೆನಪಿದೆಯೇ ಎಂದು ನಿಮ್ಮನ್ನು ಕೇಳುವುದಕ್ಕೂ ಈಗ ನಾಲಿಗೆ ಹಿಂಜರಿಯುತ್ತದೆ. ನಾನು ಆಗಷ್ಟೇ ಸ್ಯಾನ್ ಡಿಯಾಗೋಗೆ ಕೆಲಸಕ್ಕೆ ಬಂದವನು. ಮೀರಾ ಮೆಸಾದ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಹುಡುಕುತ್ತ ಫೋನಿನಲ್ಲಿ ಹೆಂಡತಿ ಗಿರಿಜಾಳ ಜೊತೆ ಮಾತಾಡುತ್ತಿದ್ದೆ. ಹಿಂದಿನಿಂದ ನೀವು, "ಧಾರವಾಡದೋರಾ? ನಿಮ್ಮ ಕನ್ನಡಕ್ಕೆ ಸಬ್‌ಟೈಟಲ್ ಬೇಕು ಕಣಯ್ಯ" ಎಂದಿರಿ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಬೆರಳ ತುದಿಗಳಲ್ಲಿ ಪ್ಲಾಸ್ಟರಿನ ಬಿಳಿ ಪುಡಿ. ಮೈಸೂರಿನ ಮಂಡಿ ಮೊಹಲ್ಲಾದವರು, ಇಲ್ಲಿ ಹಲ್ಲಿನ ಸೆಟ್ಟು ಮಾಡುವ ಸ್ವಂತ ಲ್ಯಾಬ್ ಇಟ್ಟವರು. ಅವತ್ತೇ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿದಿರಿ. ಊಟವಾದ ಮೇಲೆ ಗ್ಯಾರೇಜಿಗೆ ಕರೆದೊಯ್ದು ಕಾಡತೂಸು ತುಂಬುವ ಆ ಮಷೀನು ತೋರಿಸಿದಿರಿ.

ನನ್ನಂಥ ಸಸ್ಯಾಹಾರಿ ಮನೆತನದವನಿಗೆ ಪಿಸ್ತೂಲು ಎಂದರೆ ಸಿನಿಮಾದ ವಸ್ತು. ನಿಮಗೆ ಅದು ಕಾಲೇಜಿನ ಎನ್‌ಸಿಸಿ ದಿನಗಳಿಂದ ಹತ್ತಿದ ಗುರಿಯ ಹುಚ್ಚು. ಅದಕ್ಕಿಂತ ದೊಡ್ಡ ಹುಚ್ಚು, ಹಾರಿಸಿದ ಕಾಡತೂಸಿನ ಖಾಲಿ ಹಿತ್ತಾಳೆಯನ್ನು ಆರಿಸಿ ತಂದು ಮತ್ತೆ ತುಂಬುವುದು. ಹಳೆಯ ಕೇಪು ಕಿತ್ತು ಹೊಸದನ್ನು ಕೂರಿಸಬೇಕು, ಮದ್ದು ಅಳೆದು ಹಾಕಬೇಕು, ಮೇಲೆ ಗುಂಡು ಒತ್ತಬೇಕು. ಇಲ್ಲಿಯವರು ಪ್ರೈಮರ್ ಎನ್ನುವುದನ್ನು ನೀವು ಕೇಪು ಎನ್ನುತ್ತಿದ್ದಿರಿ, ದೀಪಾವಳಿಯ ಆಟಿಕೆ ಪಿಸ್ತೂಲಿಗೆ ಹಾಕುವ ಹಾಗೆ. ಕಿಡಿ ಹುಟ್ಟುವುದು ಅದರಲ್ಲೇ; ಕೇಪು ಸತ್ತರೆ ಮದ್ದಿದ್ದೂ ಪ್ರಯೋಜನವಿಲ್ಲ. ಅಂಗಡಿಯ ಗುಂಡು ನಿಮ್ಮ ಮಣಿಕಟ್ಟಿಗೆ ನೋವು ಕೊಡುತ್ತಿತ್ತು, ಅದಕ್ಕೇ ಮೆತ್ತಗಿನವನ್ನು ನೀವೇ ಮಾಡಿಕೊಳ್ಳುತ್ತಿದ್ದಿರಿ. ಮದ್ದು ಹಾಕಿದ ಮೇಲೆ ಪ್ರತಿಯೊಂದರೊಳಕ್ಕೂ ಹಲ್ಲಿನ ಡಾಕ್ಟರರ ಪುಟ್ಟ ಟಾರ್ಚು ಬಿಟ್ಟು, ಬಿಸ್ಮಿಲ್ಲಾ ಎಂದು, ಆಮೇಲೇ ಗುಂಡು ಕೂರಿಸುತ್ತಿದ್ದಿರಿ. ನಾನೂ ಒಂದು ರಿವಾಲ್ವರ್ ಕೊಂಡೆ, ನನಗೂ ಹಾಗೇ ತುಂಬಲು ಕಲಿಸಿದಿರಿ. "ದೀಪ, ಎಣ್ಣೆ, ನೀರು — ಈ ಮೂರೂ ಗ್ಯಾರೇಜಿನಿಂದಾಚೆ ಇರ್ಬೇಕು ಬಸವರಾಜು" ಎಂದು ಮೊದಲ ದಿನವೇ ಹೇಳಿದ್ದಿರಿ.

ಎರಡು ಸಾವಿರದ ಒಂದರ ಆ ಸೆಪ್ಟೆಂಬರ್ ಬಂತು. ಆಮೇಲೆ ನೀವು ಮದ್ದಿನ ಅಂಗಡಿಗೆ ಹೋಗುವುದನ್ನು ಬಿಟ್ಟಿರಿ. ಕಾರಣ ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಒಮ್ಮೆ ಅಂಗಡಿಯಲ್ಲಿ ನಿಮ್ಮ ಲೈಸೆನ್ಸಿನ ಹೆಸರನ್ನು ಅಂಗಡಿಯವನು ಎರಡೆರಡು ಸಲ ಓದಿ ಒಳಗೆ ಹೋದದ್ದನ್ನು ನಾನೂ ನೋಡಿದ್ದೆ. ನಿಮ್ಮ ದಾಖಲೆಗಳೆಲ್ಲ ಸರಿಯಾಗಿದ್ದವು, ಆದರೂ ನೀವು ಹೊರಗೆ ಬಂದು ಕಾರಿನಲ್ಲಿ ಕೂತವರು ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಲಿಲ್ಲ. "ಇನ್ಮೇಲೆ ನೀನೇ ತಂದ್ಬಿಡಪ್ಪ" ಎಂದಿರಿ. ಅಲ್ಲಿಂದ ನಿಮಗೂ ನನಗೂ ಸೇರಿ ನಾನೇ ತರತೊಡಗಿದೆ. ಕೆಲಸ ಬದಲಾಗಿ ಲಾಸ್ ಏಂಜಲೀಸಿಗೆ ಹೋದ ಮೇಲೂ ಇದು ನಿಲ್ಲಲಿಲ್ಲ. ನಮ್ಮ ಶೂಟಿಂಗ್ ಕ್ಲಬ್ಬಿನ ಗುರಿ ಸ್ಪರ್ಧೆಗೆ ಸ್ಯಾನ್ ಡಿಯಾಗೋಗೆ ಬರುವಾಗ ನಿಮ್ಮ ಪಾಲು ಕಾರಿನಲ್ಲಿ ಇರುತ್ತಿತ್ತು. ನೀವು ಬೇರೆ ಯಾರನ್ನೂ ಕೇಳುತ್ತಿರಲಿಲ್ಲ, ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕಿತ್ತು ನಾನು.

ಎರಡು ಸಾವಿರದ ಎಂಟರ ದಸರೆಗೆ ಬರುತ್ತೇನೆ. ನಮ್ಮ ಕಡೆ ಖಂಡೇನವಮಿಗೆ ಮನೆಯ ಆಯುಧಗಳನ್ನೆಲ್ಲ ತೊಳೆದು ಪೂಜಿಸುವುದು ನಿಮಗೆ ಗೊತ್ತು. ಮೈಸೂರಿನವರಿಗೆ ದಸರೆ ನಾನು ಹೇಳಿಕೊಡಬೇಕೇ. ಪ್ರತಿ ವರ್ಷ ಕಾರಿಗೆ, ಸ್ಕ್ರೂಡ್ರೈವರಿಗೆ, ಅಡಿಗೆಮನೆಯ ಈಳಿಗೆಗೆ ಕುಂಕುಮ ಹಚ್ಚುತ್ತಿದ್ದೆವು. ಆ ವರ್ಷ ನನಗೆ ಏನು ಹೊಕ್ಕಿತೋ — ನಮ್ಮ ಮನೆಯಲ್ಲಿ ನಿಜವಾದ ಆಯುಧ ಇರುವಾಗ ಸ್ಕ್ರೂಡ್ರೈವರಿಗೇಕೆ ಪೂಜೆ ಎನ್ನಿಸಿತು. ಗ್ಯಾರೇಜಿನಲ್ಲಿ ಬಾಳೆಲೆ ಹಾಸಿ ರಿವಾಲ್ವರ್ ಇಟ್ಟೆ. "ಪಿಸ್ತೂಲಿಗೂ ಕುಂಕುಮ ಹಚ್ಚತೀರೇನ್ರಿ? ನೋಡಿದವ್ರು ಏನಂದಾರು!" ಎಂದು ಗಿರಿಜಾ ನಕ್ಕಳು. ಮದ್ದನ್ನು ಮಾತ್ರ ಒಳಗಿನ ಕಪಾಟಿನಲ್ಲೇ ಬಿಟ್ಟಿದ್ದೆ, ಅಷ್ಟು ಬುದ್ಧಿ ಉಳಿದಿತ್ತು. ಆದರೆ ಕೇಪುಗಳ ಒಂದು ಡಬ್ಬಿಯನ್ನು ತೆರೆದು ಇಟ್ಟೆ. ಆಯುಧಕ್ಕೆ ಜೀವ ಕೊಡುವುದೇ ಅದು, ಅದಕ್ಕೂ ಪೂಜೆ ಸಲ್ಲಬೇಕಲ್ಲ! ಪಕ್ಕದಲ್ಲೇ ಎಣ್ಣೆಯ ದೀಪ. ಕಾಯಿ ಒಡೆಯಲು ಕೈ ಎತ್ತಿದವನ ಮೊಣಕೈ ತಾಗಿ ದೀಪ ಉರುಳಿತು. ನಮ್ಮ ಪುಣ್ಯ, ಬತ್ತಿ ಆರಿತು. ಎಣ್ಣೆಯೆಲ್ಲ ಡಬ್ಬಿಯೊಳಗೆ ಹೋಯಿತು, ಮೇಲಿನಿಂದ ಕಾಯಿಯ ನೀರೂ ಬಿತ್ತು.

ಒರೆಸಿದೆ, ಒಣಗಿಸಿದೆ. ಬಿಸಾಡಬೇಕೆಂದು ತೆಗೆದು ಬೇರೆ ಇಟ್ಟೆ. ಇನ್ನೊಂದು ಡಬ್ಬಿ ಇತ್ತಲ್ಲ, ಒಳ್ಳೆಯದು. ಮುಗಿದರೆ ಅಂಗಡಿ ಇತ್ತಲ್ಲ. ನಿಮಗೆ ಹೇಳಲಿಲ್ಲ. ದೀಪ, ಎಣ್ಣೆ, ನೀರು ಮೂರನ್ನೂ ಒಟ್ಟಿಗೇ ತಂದಿಟ್ಟ ಶಿಷ್ಯನನ್ನು ನೀವು ಏನು ಅನ್ನುತ್ತಿದ್ದಿರೋ ಎಂದು ನಾಚಿಕೆಯಾಯಿತು.

ಅಷ್ಟರಲ್ಲಿ ಚುನಾವಣೆ ಮುಗಿಯಿತು. ಹೊಸ ಸರಕಾರ ಬಂದರೆ ಗುಂಡು, ಮದ್ದು ಎಲ್ಲ ಸಿಗದಂತೆ ಮಾಡುತ್ತದೆ ಎಂಬ ಗುಲ್ಲು ಎದ್ದಿತು. ಗುಲ್ಲಿಗೆ ಕಾಲಿಲ್ಲದಿದ್ದರೂ ಓಡುವುದು ಬರುತ್ತದೆ. ನಾನು ಎಂದಿನಂತೆ ಶನಿವಾರ ಅಂಗಡಿಗೆ ಹೋದರೆ ಕೇಪುಗಳ ಕಪಾಟು ಬರಿದಾಗಿತ್ತು. ಬಾಗಿಲು ತೆರೆಯುವ ಮುನ್ನವೇ ಸಾಲು ನಿಂತವರು ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಹೋಗಿದ್ದರು. ಕಲ್ವರ್ ಸಿಟಿಯ ನನ್ನ ಆಫೀಸಿನ ಹೊರಗೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಾರಿನೊಳಗೆ ಕೂತು ಸಿಕ್ಕ ಸಿಕ್ಕ ಅಂಗಡಿಗಳಿಗೆಲ್ಲ ಫೋನ್ ಮಾಡಿದೆ. ಕೆಲವರು ನಕ್ಕರು, ಕೆಲವರು ನಾನು ಪ್ರಶ್ನೆ ಮುಗಿಸುವ ಮೊದಲೇ ಇಲ್ಲ ಎಂದರು. ಕ್ಲಬ್ಬಿನ ಗೆಳೆಯರಲ್ಲಿ ಇದ್ದವರೂ ಇಲ್ಲ ಎನ್ನುತ್ತಿದ್ದರು. ಬರಗಾಲದಲ್ಲಿ ಬೀಜದ ಕಾಳು ಮುಚ್ಚಿಡುವ ಹಾಗೆ.

ಆ ವಾರವೇ ನೀವು ಫೋನ್ ಮಾಡಿದಿರಿ. "ಬಸವರಾಜು, ಕೇಪು ಪೂರಾ ಮುಗ್ದೋಯ್ತು ಕಣೋ. ಡಿಸೆಂಬರ್ ಮ್ಯಾಚಿಗೆ ಹೆಂಗ್ ಮಾಡ್ಲಿ? ನಿನ್ನ ಹತ್ರ ಇದ್ರೆ ನೋಡು, ಇಲ್ದಿದ್ರೆ ಈ ಸಲ ಬಿಟ್ಬಿಡ್ತೀನಿ."

ನಾನು ಕ್ಷಣವೂ ತಡೆಯದೆ ಅಂದೆ: "ಅದಾವ್ರಿ ಸಾಹೇಬ್ರ. ನಾ ಇರೂತನಕಾ ನೀವ್ಯಾಕ ಬಿಡ್ತೀರಿ?"

ದೊಡ್ಡ ಮಾತು. ಫೋನ್ ಇಟ್ಟ ಮೇಲೆ ಎರಡು ಡಬ್ಬಿಗಳನ್ನೂ ಮುಂದಿಟ್ಟುಕೊಂಡು ಕೂತೆ. ಒಳ್ಳೆಯದನ್ನು ಅರ್ಧ ಮಾಡಬಹುದಿತ್ತು — ಇಬ್ಬರಿಗೂ ಆ ಮ್ಯಾಚಿಗೆ ಸಾಲುತ್ತಿತ್ತು. ಆದರೆ ಆ ವರ್ಷ ನನ್ನ ಗುರಿ ಕೂಡಿಬಂದಿತ್ತು ಸಾಹೇಬರೇ. ಏಳು ವರ್ಷ ನಿಮ್ಮ ಹಿಂದೆಯೇ ನಿಂತಿದ್ದವನು, ಈ ಸಲ ನಿಮ್ಮನ್ನು ಮೀರಿಸಬಹುದೆಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಅಭ್ಯಾಸಕ್ಕೆ ಕೇಪುಗಳು ಬೇಕಿದ್ದವು. ಎಣ್ಣೆ ಬಿದ್ದವುಗಳಲ್ಲಿ ಕೆಲವನ್ನು ಪರೀಕ್ಷೆ ಮಾಡಿ ನೋಡಿದೆ. ಹೆಚ್ಚಿನವು ಟಪ್ಪೆಂದವು. ಒಂದು ಮಾತ್ರ ಪುಸ್ ಎಂದಿತು. ಆ ಪುಸ್ ಅನ್ನು ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೂ, ನಿಮ್ಮದೊಂದೆರಡು ಗುಂಡು ಹಾರದಿದ್ದರೆ ಹಾರದಿರಲಿ, ಪಾಯಿಂಟ್ ತಾನೇ ಹೋಗುವುದು ಎಂದುಕೊಂಡೆ. ಹೋಗಲಿ ಎಂದೂ ಅಂದುಕೊಂಡೆ.

ಡಬ್ಬಿಯ ಮೇಲೆ ಕುಂಕುಮದ ಕಲೆ ಇತ್ತು. ಅದನ್ನು ಕಸದ ಬುಟ್ಟಿಗೆ ಹಾಕಿ, ಒಳಗಿನ ಕೇಪುಗಳ ತಟ್ಟೆಗಳನ್ನು ಹಳೆಯದೊಂದು ಒಳ್ಳೆಯ ಡಬ್ಬಿಗೆ ಸೇರಿಸಿದೆ. ನಿಮ್ಮ ಮನೆಗೆ ತಂದುಕೊಟ್ಟಾಗ ನೀವು ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಿರಿ. "ಊರೆಲ್ಲಾ ಬಚ್ಚಿಟ್ಕೊಂಡಿರೋ ಟೈಮಲ್ಲಿ ನೀನು ತಂದ್ಕೊಟ್ಟಿಯಲ್ಲೋ" ಎಂದು ಭಾಭಿಯನ್ನು ಕರೆದು ತೋರಿಸಿದಿರಿ. ಅವರು ಶೀರ್ ಖುರ್ಮಾ ಮಾಡಿ ಬಡಿಸಿದರು. ಹಬ್ಬವಲ್ಲ, ಏನಲ್ಲ, ನನಗೆಂದೇ ಮಾಡಿದ್ದು. ತಿಂದೆ.

ಮ್ಯಾಚಿನ ದಿನ ಬೆಳಗ್ಗೆ ಬಿಸಿಲು ಚೆನ್ನಾಗಿತ್ತು, ಗುಡ್ಡದ ಕಡೆಯಿಂದ ಒಣ ಗಾಳಿ ಬೀಸುತ್ತಿತ್ತು. ನೀವು ನನ್ನ ಪಕ್ಕದ ಕಟ್ಟೆಯಲ್ಲೇ ನಿಂತಿದ್ದಿರಿ. ವೇಗದ ಸುತ್ತು ಶುರುವಾಯಿತು, ಒಂದರ ಹಿಂದೊಂದು ಹಾರಿಸಬೇಕು. ನಿಮ್ಮ ಮೊದಲ ಗುಂಡು ಹಾರಿತು, ಎರಡನೆಯದು ಹಾರಿತು. ಮೂರನೆಯದು — ನನ್ನ ಕಿವಿಮುಚ್ಚಳದೊಳಗಿಂದಲೂ ಗುರುತು ಹತ್ತಿತು — ಪುಸ್ ಎಂದಿತು. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿದೆ, ನಿಲ್ಲಿಸಿ ಎಂದು ಕೂಗಬೇಕಿತ್ತು. ಆ ಸದ್ದಿನ ಅರ್ಥ ಆ ಸಾಲಿನಲ್ಲಿ ನನ್ನಷ್ಟು ಯಾರಿಗೂ ಗೊತ್ತಿರಲಿಲ್ಲ. ಬಾಯಿ ತೆರೆದೆ. ಕೂಗಿದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರಲ್ಲ — ಅಷ್ಟು ಯೋಚಿಸುವಷ್ಟರಲ್ಲಿ ನಿಮ್ಮ ಬೆರಳು ಮುಂದಿನದನ್ನು ಒತ್ತಿತ್ತು.

ನಳಿಗೆ ಸೀಳಿತು. ನಿಮ್ಮ ಹೆಬ್ಬೆರಳ ಬುಡದಿಂದ ರಕ್ತ ಇಳಿಯಿತು. ಎಲ್ಲರೂ ಓಡಿಬಂದರು, ಯಾರೋ ಬಟ್ಟೆ ಸುತ್ತಿದರು. ರಿವಾಲ್ವರನ್ನು ಖಾಲಿ ಮಾಡುವಂತೆ ನನಗೇ ಹೇಳಿದಿರಿ. ನಾನು ಅದನ್ನು ತೆರೆದು ಕಾಡತೂಸುಗಳನ್ನು ಕಟ್ಟೆಯ ಮೇಲೆ ಸುರಿದೆ. ಒಂದರೊಳಗಿಂದ ಗಸಗಸೆಯಂಥ ಸಣ್ಣ ಕಾಳುಗಳು ಹೊರಬಿದ್ದವು. ಸುಡದೆ ಉಳಿದ ಮದ್ದು; ಕೇಪು ಅದನ್ನು ಹೊತ್ತಿಸಿರಲಿಲ್ಲ.

ಸಾಹೇಬರೇ, ನಾನು ಅದನ್ನು ಕಣ್ಣಾರೆ ನೋಡಿದೆ. ನೀವು ಆಗ ನಿಮ್ಮ ಕೈಯನ್ನೇ ನೋಡುತ್ತಿದ್ದಿರಿ. ನೀವು ತಲೆ ಎತ್ತುವ ಮೊದಲು ಅದನ್ನು ಅಂಗೈಯಿಂದ ಒರೆಸಿ ಮಣ್ಣಿಗೆ ಬೀಳಿಸಿ, ಬೂಟುಗಾಲಿನಿಂದ ತಿಕ್ಕಿದೆ.

ಮದ್ದು ಹಾಕದ ಕಾಡತೂಸೂ ಹೀಗೇ ಗುಂಡನ್ನು ನಳಿಗೆಯಲ್ಲಿ ಸಿಕ್ಕಿಸುತ್ತದೆ. ನೀವು ಮೆಲ್ಲಗೆ ಅಂದಿರಿ: "ಮದ್ದು ಹಾಕೋದೇ ಮರ್ತಿದೀನಿ ಕಣೋ ಬಸವರಾಜು. ನಮ್ಮ ಅಬ್ಬಾಗೂ ಹಿಂಗೇ ಶುರುವಾಗಿದ್ದು."

ನಿಮ್ಮ ತಂದೆಯವರು ಕೊನೆಯ ವರ್ಷಗಳಲ್ಲಿ ನಿಮ್ಮನ್ನೇ ಗುರುತಿಸದೆ ಹೋದದ್ದನ್ನು ನೀವು ನನಗೊಬ್ಬನಿಗೇ ಹೇಳಿದ್ದಿರಿ. ನಿಮಗೆ ಜೀವನದಲ್ಲಿ ಇದ್ದ ಭಯ ಅದೊಂದೇ ಎಂದು ನನಗೆ ತಿಳಿದಿತ್ತು. ತಿಳಿದೂ ನಾನು ಆಡಿದ ಮಾತು ಇದು:

"ಎಲ್ಲಾರೂ ಮರೀತಾರ್ರೀ ಸಾಹೇಬ್ರ. ವಯಸ್ಸಾತಲ್ಲ."

ಕೇಪು ಕೊಟ್ಟದ್ದು ಕೆಟ್ಟತನ. ಕೂಗದೇ ಇದ್ದದ್ದು ಹೇಡಿತನ. ಆದರೆ ಈ ಮಾತು — ಇದಕ್ಕೆ ನನಗೆ ಹೆಸರು ಸಿಕ್ಕಿಲ್ಲ. ಸಮಾಧಾನ ಹೇಳುವವನ ದನಿಯಲ್ಲಿ ಹೇಳಿದೆನಲ್ಲ.

ಮನೆಗೆ ಬಂದಾಗ ಗಿರಿಜಾ ಎಲ್ಲ ಕೇಳಿಸಿಕೊಂಡಳು. "ಎಣ್ಣಿ ಬಿದ್ದಿದ್ವಲ್ಲ, ಅವನ್ನ ಒಗದ್ರಿಲ್ಲೋ?" ಎಂದಳು. "ಹೂಂ, ಆವಾಗ್ಲೇ" ಎಂದೆ. ಅವಳು ಮತ್ತೆ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ನಾನು ಅವತ್ತಿನಿಂದ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೇನೆ.

ಗಾಯ ಮಾಗಿತು, ಹೆಬ್ಬೆರಳು ಸ್ವಲ್ಪ ಸೋತಿತು, ಅಷ್ಟೇ. ಅದರಿಂದ ಲ್ಯಾಬ್ ಮುಚ್ಚಬೇಕಾಗಿರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ನೆನಪಿನಲ್ಲಿ ಏನೂ ತೊಂದರೆಯಿಲ್ಲ ಎಂದರು. ನೀವು ನಂಬಲಿಲ್ಲ. ಮದ್ದು ಮರೆತವನು ನಾಳೆ ಯಾರದೋ ಬಾಯಿಗೆ ಏನು ಕೂರಿಸುತ್ತಾನೋ ಎಂದು ಲ್ಯಾಬಿಗೆ ಬೀಗ ಹಾಕಿದಿರಿ. ಕಾರು ಓಡಿಸುವುದನ್ನು ಬಿಟ್ಟಿರಿ. ನಿಮ್ಮ ಮಗ ಆದಿಲ್ ಒಂದು ಸಲ ನನ್ನ ಎದುರಿಗೇ, "ಅಬ್ಬು, ಯು ಆರ್ ಡನ್ ಡ್ರೈವಿಂಗ್, ಓಕೆ?" ಎಂದ. ಒಳ್ಳೆಯ ಹುಡುಗ, ಕಾಳಜಿಯಿಂದಲೇ ಅಂದದ್ದು. ನೀವು ಮಗುವಿನ ಹಾಗೆ ಕೀಲಿ ಅವನ ಕೈಗಿಟ್ಟಿರಿ. ಕಾರಿಲ್ಲದೆ ಮೀರಾ ಮೆಸಾದಲ್ಲಿ ಎಲ್ಲಿಗೆ ಹೋಗುವುದು? ಮಸೀದಿಗೂ ಯಾರಾದರೂ ಬಂದು ಕರೆದೊಯ್ಯಬೇಕು. ಒಲೆ ಆರಿಸಿದ್ದೀನಾ ಎಂದು ಭಾಭಿಯನ್ನು ಮತ್ತೆ ಮತ್ತೆ ಕೇಳುತ್ತೀರಿ. ಆರಿಸಿರುತ್ತೀರಿ. ಯಾವಾಗಲೂ ಆರಿಸಿರುತ್ತೀರಿ.

ನೀವು ಆ ಮನೆಯೊಳಗೆ, ಅದರ ಬೀಗದ ಕೈ ನನ್ನ ಕಿಸೆಯೊಳಗೆ. ಕೊಟ್ಟುಬಿಟ್ಟರೆ ನೀವು ಹೊರಗೆ ಬರುತ್ತೀರಿ, ನಾನು ಒಳಗೆ ಹೋಗುತ್ತೇನೆ — ಇಷ್ಟೇ ಲೆಕ್ಕ. ಇದು ಗೊತ್ತಿದ್ದೂ ವರ್ಷ ವರ್ಷ ಕಳೆದೆ. ತಡವಾದಷ್ಟೂ ಹೇಳುವುದು ಇನ್ನೂ ಕಷ್ಟವಾಯಿತು. ಮೊದಲ ವರ್ಷ ಹೇಳಿದ್ದರೆ ಬರೀ ಕೇಪಿನ ತಪ್ಪು. ಆಮೇಲೆ ಅದಕ್ಕೆ ಮುಚ್ಚಿಟ್ಟ ವರ್ಷಗಳ ತಪ್ಪೂ ಸೇರುತ್ತ ಹೋಯಿತು.

ಪ್ರತಿ ವಿಜಯದಶಮಿಗೆ ನಿಮ್ಮಲ್ಲಿಗೆ ಬರುತ್ತೇನೆ. ಇಲ್ಲಿ ಬನ್ನಿ ಸಿಗುವುದಿಲ್ಲವೆಂದು ಅದರ ದಾಯಾದಿಯಂತಿರುವ ಮೆಸ್ಕೀಟ್ ಮರದ ಎಲೆ ಕಿತ್ತು ತರುತ್ತೇನೆ. ಹಳೆಯ ಕಹಿ ಮರೆತು ಬಂಗಾರದಂಗ ಇರೂಣು ಎಂದು ನಿಮ್ಮ ಕೈಗಿಟ್ಟು ಕಾಲು ಮುಟ್ಟುತ್ತೇನೆ. ಅರಿಯದವರ ಹತ್ತಿರ ಕಹಿ ಮರೆಯಿರಿ ಎಂದು ಕೇಳುವುದಕ್ಕೆ ಏನರ್ಥ? ನೀವು ಎಲೆಯನ್ನು ಆ ಸೋತ ಹೆಬ್ಬೆರಳಲ್ಲಿ ಹಿಡಿದು ತಲೆಯ ಮೇಲೆ ಕೈ ಇಡುತ್ತೀರಿ. ಒಂದು ವರ್ಷ ನಿಮ್ಮ ಮಷೀನನ್ನೇ ನನಗೆ ಕೊಟ್ಟಿರಿ. "ನನ್ನ ಕೈಯಲ್ಲಿ ಇನ್ಯಾಕೆ, ನೀನಿಟ್ಕೋ. ನಿನ್ನಷ್ಟು ನಿಯತ್ತಾಗಿ ಯಾರೂ ಇಟ್ಕೊಳಲ್ಲ" ಎಂದಿರಿ. ಅದು ನನ್ನ ಗ್ಯಾರೇಜಿನಲ್ಲಿದೆ. ಒಂದು ಗುಂಡನ್ನೂ ಅದರಲ್ಲಿ ತುಂಬಿಲ್ಲ. ಖಂಡೇನವಮಿಗೆ ಗಿರಿಜಾ ಅದಕ್ಕೆ ಕುಂಕುಮ ಹಚ್ಚುವಾಗ ನಾನು ಏನಾದರೂ ನೆವ ಹೇಳಿ ಒಳಗೆ ಹೋಗುತ್ತೇನೆ.

ಈ ಸಲ ಹಬ್ಬಕ್ಕೆ ಕಾಯಲಿಲ್ಲ. ಇವತ್ತು ಬೆಳಗ್ಗೆ ಮಷೀನಿನ ಬೋಲ್ಟು ಬಿಚ್ಚಿ, ಹಳೆಯ ಜಮಖಾನೆಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿಟ್ಟೆ. ತಿರುಗಿದರೆ ಗಿರಿಜಾ ಬಾಗಿಲಲ್ಲಿ ನಿಂತಿದ್ದಳು.

"ಈಗರೆ ಹೇಳ್ತೀರೇನ್ರಿ?"

"ನಿನಗ ಗೊತ್ತಿತ್ತೇನು?"

"ಕುಂಕುಮ ಹತ್ತಿದ ಕೇಪಿನ ಡಬ್ಬಿ ಕಸದಾಗ ಸಿಕ್ಕಿತ್ತು. ಬರೇ ಡಬ್ಬಿ. ಒಳಗಿನ್ವು ಇರಲಿಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವ ಹೇಳ್ಲಿ ಅಂತ ಕಾದೆ. ಕಾಯಬಾರದಿತ್ತು ನಾ."

ನನ್ನ ಸುಳ್ಳಿನೊಳಗೆ ಅವಳೂ ಇಷ್ಟು ವರ್ಷ ಇದ್ದಳು. ನನಗೆ ಅದೂ ಗೊತ್ತಿರಲಿಲ್ಲ.

ಇನ್ನೊಂದು ಸ್ವಲ್ಪ ಹೊತ್ತಿಗೆ ಹೊರಡುತ್ತೇನೆ. ಎಲೆ ತರುವುದಿಲ್ಲ, ಕಾಲು ಮುಟ್ಟುವುದಿಲ್ಲ. ಕ್ಷಮಿಸಿ ಎಂದೂ ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನಿಮ್ಮನ್ನು ನಾನು ಬಲ್ಲೆ. ಭಾಭಿಯನ್ನು ಕರೆಯಿರಿ, ಆದಿಲ್‌ನನ್ನೂ ಕರೆಯಿರಿ. ಆ ಮಷೀನನ್ನು ನಿಮ್ಮ ಮೇಜಿನ ಮೇಲಿಟ್ಟು, ಅವರ ಮುಂದೆಯೇ ನಾನು ಹೇಳಬೇಕಾದದ್ದು ಇಷ್ಟು. ಸಾಹೇಬರೇ, ನೀವು ಮದ್ದು ಹಾಕಿದ್ದಿರಿ. ಟಾರ್ಚು ಬಿಟ್ಟು ನೋಡಿಯೂ ಇದ್ದಿರಿ. ಸುಡದೆ ಉಳಿದ ಆ ಮದ್ದನ್ನು ನಾನು ಕಣ್ಣಾರೆ ಕಂಡು, ನನ್ನ ಈ ಕೈಯಿಂದ ಒರೆಸಿ ಹಾಕಿದೆ.